ಮನೆಯ ಕಂಬಳ, ಕರೆಯ ಕಂಬಳ

ಒಂದು ಓಟವನ್ನು ಅದು ನಡೆಯುವ ಸ್ಥಳಕ್ಕೇ ಹೋಗಿ ನೋಡುವುದು ಮೇಲೋ, ಮನೆಯ ಜಗಲಿಯಲ್ಲಿ ಕುಳಿತು ಯಂತ್ರದ ಮೂಲಕ ನೋಡುವುದು ಮೇಲೋ ಎಂಬ ಪ್ರಶ್ನೆಯು ನಮ್ಮ ಹಿರಿಯರಿಗೆ ಹುಟ್ಟಿಯೇ ಇರಲಿಲ್ಲ. ನಮ್ಮ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯನ್ನು ನೋಡಬೇಕಾದವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬರಲಾರದ ಮುದುಕರೂ ಬಾಣಂತಿಯರೂ ಹೋಗಿಬಂದವರ ಬಾಯಿಂದ ಕೇಳಿ ತೃಪ್ತರಾಗುತ್ತಿದ್ದರು. ಈಗ ಶಿರಾ ಸೀಮೆಯ ಕೆರೆಯಂಗಳದಲ್ಲಿ ನಡೆಯುವ ಎತ್ತಿನ ಗಾಡಿಯ ಓಟವನ್ನು ಪಾವಗಡದ ಹುಡುಗನು ಅಂಗೈಯಲ್ಲಿ ಹಿಡಿದ ಫೋನಿನೊಳಗೆ ನೋಡುತ್ತಾನೆ. ಧೂಳು ಮೂಗಿಗೆ ತಗಲುವುದಿಲ್ಲವೆಂಬುದೊಂದನ್ನು ಬಿಟ್ಟರೆ ತನಗೆ ಏನೂ ಕಡಮೆಯಾಗಿಲ್ಲವೆಂಬುದು ಅವನ ವಾದ. ಈ ವಾದವನ್ನು ಕುರಿತು ನಾನು ಬಹುಕಾಲದಿಂದ ಯೋಚಿಸುತ್ತಿರುವೆನು. ಯೋಚನೆಗೆ ಕಾರಣವಾದುದು ನಮ್ಮ ಸೀಮೆಯ ಗಾಡಿಯ ಓಟವಲ್ಲ, ತುಳುನಾಡಿನ ಕಂಬಳ.

ಇಂಥ ಮಾತು ಬಂದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ಸಂಜಯನನ್ನು ಎಳೆದು ತರುವುದು ವಾಡಿಕೆ. ಹಸ್ತಿನಾವತಿಯಲ್ಲಿ ಕುಳಿತ ಕುರುಡು ದೊರೆಗೆ ಸಂಜಯನು ಕುರುಕ್ಷೇತ್ರದ ಯುದ್ಧವನ್ನು ಆ ಕ್ಷಣಕ್ಕೆ ಆ ಕ್ಷಣವೇ ವರ್ಣಿಸಿದನಂತೆ. ಆದುದರಿಂದ ದೂರದರ್ಶನವು ನಮಗೆ ಹೊಸದಲ್ಲವಂತೆ. ಮೂಲವನ್ನು ಓದಿದವರು ಹೀಗೆ ಹೇಳಲಾರರು. ವ್ಯಾಸರು ದೃಷ್ಟಿಯನ್ನು ಮೊದಲು ಕೊಡಹೋದುದು ಧೃತರಾಷ್ಟ್ರನಿಗೇ. ಬಂಧುಗಳ ವಧೆಯನ್ನು ನೋಡಲೊಲ್ಲೆ, ಕೇಳಿದರೆ ಸಾಕು ಎಂದು ಅವನು ನಿರಾಕರಿಸಿದ ಮೇಲೆ ದಿವ್ಯದೃಷ್ಟಿಯು ಸಂಜಯನ ಪಾಲಿಗೆ ಬಂದಿತು. ಅದನ್ನು ಪಡೆದ ಸಂಜಯನು ಅರಮನೆಯಲ್ಲಿ ಕುಳಿತಿರಲಿಲ್ಲ. ಹತ್ತನೆಯ ದಿನ ಭೀಷ್ಮರು ಬಿದ್ದ ಮೇಲೆ ರಣರಂಗದಿಂದ ಬಂದು, ಬಿದ್ದರೆಂಬ ಸುದ್ದಿಯನ್ನು ಮೊದಲು ಹೇಳಿ, ಅನಂತರ ಹಿಂದಿನದನ್ನೆಲ್ಲ ವಿವರಿಸಿದನು. ಶಲ್ಯಪರ್ವದಲ್ಲಿ ಅವನು ಸಾತ್ಯಕಿಯ ಕೈಗೆ ಸಿಕ್ಕಿ ತಲೆ ಕಳೆದುಕೊಳ್ಳುವುದರಲ್ಲಿದ್ದಾಗ ವ್ಯಾಸರೇ ಬಂದು ಬಿಡಿಸಬೇಕಾಯಿತು. ಮನೆಯಲ್ಲಿ ಕುಳಿತು ನೋಡುವವನ ಕೊರಳಿಗೆ ಯಾರ ಕತ್ತಿಯೂ ಬರುವುದಿಲ್ಲ.

ನನ್ನ ತಮ್ಮನ ಮಗನು ಬೆಂಗಳೂರಿನಲ್ಲಿ ಇಂಜಿನಿಯರು. ರಜೆಗೆ ಮಧುಗಿರಿಗೆ ಬಂದಾಗ ರಾತ್ರಿಯೆಲ್ಲ ಎಚ್ಚರವಾಗಿದ್ದು ಅಮೇರಿಕೆಯ ಮೋಟಾರು ಪಂದ್ಯವನ್ನು ನೋಡುವ ಹುಚ್ಚು ಅವನಿಗೆ. ಅದಕ್ಕೆ ಸ್ಟಾಕ್ ಕಾರ್ ಪಂದ್ಯವೆಂದು ಹೆಸರು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕಾರನ್ನೇ ತಂದು ಓಡಿಸುತ್ತಿದ್ದುದರಿಂದ ಆ ಹೆಸರು ಬಂದಿತಂತೆ; 1949ರ ಸುಮಾರಿಗೆ ಅದು ನಿಜವೂ ಆಗಿತ್ತು. ಈಗಿನ ಕಾರುಗಳು ಪಂದ್ಯಕ್ಕಾಗಿಯೇ ಕಟ್ಟಿದವು. ದರ್ಭೆಯನ್ನು ಕೊಯ್ದು ತರುವವನೆಂಬ ಅರ್ಥ ಹೋಗಿ ಕುಶಲನೆಂಬ ಶಬ್ದ ಮಾತ್ರ ನಮ್ಮಲ್ಲಿ ಉಳಿದಿಲ್ಲವೇ, ಹಾಗೆ. ಈ ಪಂದ್ಯವು ಬಹುಮಟ್ಟಿಗೆ ಮೊಟ್ಟೆಯಾಕಾರದ ದಾರಿಯಲ್ಲಿ ನಡೆಯುವುದು. ಎತ್ತರದ ಮೆಟ್ಟಿಲಿನ ಮೇಲೆ ಕುಳಿತವನಿಗೆ ದಾರಿಯೆಲ್ಲವೂ ಕಾಣುವುದು. ಆದರೆ ಕ್ಯಾಲಿಫೋರ್ನಿಯದ ಸೊನೋಮಾ, ನ್ಯೂಯಾರ್ಕ್ ಪ್ರಾಂತದ ವಾಟ್ಕಿನ್ಸ್ ಗ್ಲೆನ್ ಮುಂತಾದ ಕೆಲವು ಕಡೆಗಳಲ್ಲಿ ಗುಡ್ಡದ ಏರಿಳಿತವನ್ನು ಅನುಸರಿಸಿ ಎಡಕ್ಕೂ ಬಲಕ್ಕೂ ತಿರುಗುವ ರಸ್ತೆಯಲ್ಲಿ ಓಡಿಸುತ್ತಾರೆ. ಅಲ್ಲಿಗೆ ಹೋದವನಿಗೆ ದಾರಿಯ ಒಂದು ಭಾಗ ಮಾತ್ರ ಕಾಣುವುದು. ಕಾರುಗಳು ದಿಣ್ಣೆಯ ಹಿಂದೆ ಮರೆಯಾದ ಮೇಲೆ ಯಾರು ಯಾರನ್ನು ಹಿಂದಿಕ್ಕಿದರೆಂದು ತಿಳಿಯಲು ಅವನು ಕಿವಿಗೆ ರೇಡಿಯೋ ಕಟ್ಟಿಕೊಳ್ಳಬೇಕು. "ದೊಡ್ಡಪ್ಪ, ದುಡ್ಡು ಕೊಟ್ಟು ಹೋದವನು ಒಂದು ತಿರುವು ನೋಡುತ್ತಾನೆ, ನಾನು ಇಲ್ಲಿ ಮಲಗಿಕೊಂಡೇ ಎಲ್ಲ ತಿರುವೂ ನೋಡುತ್ತೇನೆ" ಎಂದು ಹುಡುಗನು ಹೇಳುವುದುಂಟು. ತಿರುವು ಮುರುವಿನ ರಸ್ತೆಯ ಮಟ್ಟಿಗೆ ಅವನ ಮಾತನ್ನು ಅಲ್ಲಗಳೆಯುವುದು ಕಷ್ಟ.

ಕಂಬಳದ ಕರೆಯು ಹಾಗಲ್ಲ. ಕರೆಯೆಂದರೆ ಕೋಣಗಳು ಓಡುವ ಕೆಸರುಗದ್ದೆಯ ಓಣಿ. ಅದಕ್ಕೆ ತಿರುವಿಲ್ಲ, ಮರೆಯಿಲ್ಲ. ನೇರವಾಗಿ ಒಂದುನೂರ ನಲವತ್ತು, ನೂರ ಐವತ್ತು ಮೀಟರು. ಜೋಡುಕರೆಯೆಂದರೆ ಒಂದರ ಪಕ್ಕಕ್ಕೊಂದು ಇಂಥವು ಎರಡು. ಓಟ ಹೊರಡುವ ತುದಿ ಗಂತು, ಮುಟ್ಟುವ ತುದಿ ಮಂಜೊಟ್ಟಿ. ಒಂದು ಜೊತೆ ಕೋಣ, ಹಿಂದೆ ಬರಿಗಾಲಿನಲ್ಲಿ ಓಡುವ ಒಬ್ಬ ಮನುಷ್ಯ, ಹದಿಮೂರು ಹದಿನಾಲ್ಕು ಸೆಕೆಂಡು, ಅಷ್ಟೆ. ಬದುವಿನ ಮೇಲೆ ನಿಂತವನಿಗೆ ಎಲ್ಲವೂ ಕಾಣುವುದು. ಇಂಥದನ್ನು ಮನೆಯಲ್ಲಿ ಕುಳಿತು ನೋಡಬೇಕಾದ ಅವಶ್ಯಕತೆಯೇನು? ಆದರೂ ನಾನು ಕಂಬಳವನ್ನು ಮೊದಲು ನೋಡಿದುದು ಮಧುಗಿರಿಯ ನಮ್ಮ ಮನೆಯಲ್ಲೇ. 2023ರ ನವೆಂಬರು 25 ಮತ್ತು 26ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಕರೆ ತೋಡಿ ಕಂಬಳ ನಡೆಸಿದರು. ಕರಾವಳಿಯ ಕೋಣಗಳು ಲಾರಿಗಳಲ್ಲಿ ಘಟ್ಟ ಹತ್ತಿ ಬಂದುವು. ನಾವು ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತು ನೋಡಿದೆವು. ನೀರು ಚಿಮ್ಮುವುದನ್ನು ನಿಧಾನಗೊಳಿಸಿ ತೋರಿಸಿದಾಗ ಹನಿಹನಿಯೂ ಮುತ್ತಿನಂತೆ ಬೇರೆ ಬೇರೆ ಕಂಡಿತು. ಬದುವಿನಲ್ಲಿ ನಿಂತವರಿಗೆ ಈ ಸೊಬಗು ಸಿಕ್ಕಿರಲಾರದು. ಮನೆಯ ನೋಟದ ಪರವಾಗಿ ಇದನ್ನು ಧಾರಾಳವಾಗಿ ಒಪ್ಪಿಕೊಳ್ಳಬೇಕು.

ಓಟದ ವೇಳೆಯನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಪರದೆಯ ಮೇಲೆ ತೋರಿಸುತ್ತಿದ್ದರು. ಈಗ ಬೆಳಕಿನ ಕಿರಣವನ್ನು ಅಡ್ಡಹಾಯಿಸಿ ವೇಳೆಯನ್ನು ಅಳೆಯುತ್ತಾರೆ. ಅದನ್ನು ನೋಡಿದ ನಮ್ಮ ಹುಡುಗನು ಕೂಡಲೆ ಲೆಕ್ಕ ಹಾಕಲಾರಂಭಿಸಿದನು. ಈ ಲೆಕ್ಕದ ಹುಚ್ಚು ದೇಶಕ್ಕೆಲ್ಲ ಹಬ್ಬಿದುದು 2020ರ ಫೆಬ್ರುವರಿಯಲ್ಲಿ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿಕ ಹಾಕಿ, ಹಾಗಾದರೆ 100 ಮೀಟರಿಗೆ 9.55 ಸೆಕೆಂಡಾಯಿತು, ಉಸೇನ್ ಬೋಲ್ಟನು 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ 9.58 ಇದರ ಮುಂದೆ ನಿಲ್ಲುವುದಿಲ್ಲವೆಂದರು. ಅದೇ ತಿಂಗಳಲ್ಲಿ ವೇಣೂರಿನಲ್ಲಿ ನಿಶಾಂತ ಶೆಟ್ಟರು ಅದನ್ನೂ ಮೀರಿಸಿದರೆಂದು ವರದಿಯಾಯಿತು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ತ್ರೈರಾಶಿಕವನ್ನು ಓದಿದವನಿಗೆ ಈ ಲೆಕ್ಕದಲ್ಲಿ ಎಲ್ಲಿ ಕೈ ತಪ್ಪಿದೆಯೆಂದು ತಿಳಿಯುವುದು ಕಷ್ಟವಲ್ಲ. ಪ್ರಮಾಣಕ್ಕೂ ಇಚ್ಛೆಗೂ ಜಾತಿ ಒಂದೇ ಆಗಿರಬೇಕು. ಒಬ್ಬನು ತನ್ನ ಕಾಲನ್ನೇ ನಂಬಿ ಗಟ್ಟಿನೆಲದಲ್ಲಿ ಓಡಿದನು. ಇನ್ನೊಬ್ಬನನ್ನು ಎರಡು ಕೋಣಗಳು ಎಳೆದುವು, ಕೆಸರು ಹಿಂದಕ್ಕೆ ಜಗ್ಗಿತು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಶ್ರೀನಿವಾಸ ಗೌಡರೇ. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಬರಹೇಳಿದಾಗ ಅವರು ಒಲ್ಲೆನೆಂದರು. ಕಂಬಳದ ಓಟ ಬೇರೆ, ಮೈದಾನದ ಓಟ ಬೇರೆ ಎಂದರು. ಅಂಕಿಯು ಮನೆಯವರೆಗೂ ಬರುವುದು, ಹಗ್ಗದ ಎಳೆತ ಬರುವುದಿಲ್ಲ.

ಇನ್ನು ನನ್ನ ಮಿತ್ರರ ವಿಷಯ. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ನಾನು ಸಾಹಿತ್ಯ ಓದುತ್ತಿದ್ದಾಗ ಕಾರ್ಕಳದ ಕಡೆಯ ಜೈನ ಮನೆತನದ ಹುಡುಗರೊಬ್ಬರು ತರ್ಕ ಓದುತ್ತಿದ್ದರು. ಒಂದೇ ಕೊಠಡಿಯಲ್ಲಿ ನಾಲ್ಕು ವರ್ಷ ಇದ್ದೆವು. ನಾನು ಪಾವಗಡ, ಕೊರಟಗೆರೆ, ಮಧುಗಿರಿಗಳಲ್ಲಿ ಮೇಷ್ಟರಾಗಿ ಸವೆದೆನು. ಅವರು ಊರಿಗೆ ಹಿಂದಿರುಗಿ ಅಡಕೆಯ ತೋಟವನ್ನೂ ಹಿರಿಯರಿಂದ ಬಂದ ಕಂಬಳದ ಕೋಣಗಳನ್ನೂ ನೋಡಿಕೊಂಡರು. ಅಹಿಂಸೆಯೇ ಪರಮಧರ್ಮವೆನ್ನುವ ಮನೆಯಲ್ಲಿ ಕೋಣ ಓಡಿಸುವುದು ಹೇಗೆಂದು ನಾನು ಹಿಂದೊಮ್ಮೆ ಪತ್ರದಲ್ಲಿ ಕೇಳಿದ್ದೆನು. ಆ ಪ್ರಶ್ನೆ ತಮ್ಮ ತಂದೆಯವರಿಗೂ ಇತ್ತು, ಅಜ್ಜನವರಿಗೂ ಇತ್ತು, ಉತ್ತರ ದೊರೆತ ದಿನ ಓಡಿಸುವುದನ್ನು ಬಿಡುತ್ತೇವೆ ಎಂದು ಬರೆದಿದ್ದರು. ಅವರ ಕೋಣಗಳನ್ನು ಹೊಡೆಯಕೂಡದೆಂಬುದು ಓಡಿಸುವವನೊಡನೆ ಮೊದಲೇ ಆಗುವ ಕರಾರು. ಎರಡು ವರ್ಷಗಳ ಹಿಂದೆ ತೋಟದಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಜಗಲಿಯ ಮಂಚವೇ ಅವರ ಲೋಕ.

2024ರ ಜನವರಿಯಲ್ಲಿ ಕಾರ್ಕಳದ ಬಳಿಯ ಮಿಯಾರಿನಲ್ಲಿ ಕಂಬಳವೆಂದೂ ತಪ್ಪದೆ ಬರಬೇಕೆಂದೂ ಫೋನು ಬಂದಿತು. ಹೊರಟೆನು. ಮಧುಗಿರಿಯ ಮೇಲೆ ಹಾದುಹೋಗುವ ರಸ್ತೆಗೆ ಹಿಂದೆ 234ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಿತ್ತು. ಅದು ಶಿರಾ, ಹುಳಿಯಾರುಗಳ ಮೇಲೆ ಸಾಗಿ, ಬೇಲೂರನ್ನು ಹಾದು ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರು ಮುಟ್ಟುತ್ತಿತ್ತು. ಈಗ ಅದರ ತುಂಡುಗಳಿಗೆ ಬೇರೆ ಬೇರೆ ಸಂಖ್ಯೆಗಳು. ಸಂಖ್ಯೆ ಹೇಗಾದರೂ ಇರಲಿ, ನಮ್ಮ ಬಾಗಿಲಿನ ಮುಂದಿನ ಬಂಡೆ ಬಯಲಿನ ದಾರಿಯೇ ಆ ಹಸಿರಿಗೂ ದಾರಿಯೆಂಬುದು ನನಗೆ ಯಾವಾಗಲೂ ಸಂತೋಷ. ಶಿರಾ ಬಿಟ್ಟ ಮೇಲೆ ಜಾಲಿ, ಆಮೇಲೆ ತೆಂಗು, ಆಮೇಲೆ ಕಾಫಿ, ಆಮೇಲೆ ಕಾಡು, ಕೊನೆಗೆ ಅಡಕೆ. ಬೆವರು ಮಾತ್ರ ಘಟ್ಟ ಇಳಿದ ಮೇಲೆಯೇ.

ಮಿತ್ರರ ಮನೆಗೂ ಕರೆಗೂ ನಡುವೆ ಮೂರು ಕಿಲೋಮೀಟರು. ನಾನು ತಲಪುವ ವೇಳೆಗೆ ಕಂಬಳ ಆರಂಭವಾಗಿತ್ತು. ಮಗನು ಕೋಣಗಳೊಡನೆ ಹೋಗಿದ್ದನು. ಮಿತ್ರರು ದಿಂಬಿಗೊರಗಿ ಫೋನನ್ನು ಒಂದು ಪುಸ್ತಕಪೀಠದ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಆ ಪೀಠವು ಅವರ ತಂದೆಯವರು ಗ್ರಂಥ ಓದುತ್ತಿದ್ದ ವ್ಯಾಸಪೀಠ. ಅಲ್ಲಿ ಒಂದು ವಿಚಿತ್ರವನ್ನು ಕಂಡೆನು. ಗಾಳಿ ಅತ್ತಣಿಂದ ಬೀಸುತ್ತಿದ್ದುದರಿಂದ ಕರೆಯ ಧ್ವನಿವರ್ಧಕದ ಕೂಗು ಕಿಟಕಿಯಲ್ಲಿ ಕೇಳಿಸುತ್ತಿತ್ತು. ಮೊದಲು ಕಿಟಕಿಯಲ್ಲಿ ಜನರ ಬೊಬ್ಬೆ ಏಳುವುದು; ಅದು ಅಡಗಿದ ಎಷ್ಟೋ ಹೊತ್ತಿಗೆ ಫೋನಿನಲ್ಲಿ ಕೋಣಗಳು ಗಂತಿನಿಂದ ಹೊರಡುವುವು! ಶಬ್ದವು ಒಂದು ಕಿಲೋಮೀಟರಿಗೆ ಮೂರು ಸೆಕೆಂಡಿನಂತೆ ನಡೆದರೂ ಒಂಬತ್ತು ಸೆಕೆಂಡಿನಲ್ಲಿ ಮನೆಗೆ ಬರುವುದು. ಚಿತ್ರವು ಆಕಾಶಕ್ಕೋ ಸಮುದ್ರದಾಚೆಗೋ ಹೋಗಿ, ಅಲ್ಲಿ ಮೂಟೆ ಕಟ್ಟಿಸಿಕೊಂಡು ಬರುವುದಕ್ಕೆ ಅರ್ಧ ನಿಮಿಷ ಬೇಕು. ಬೆಳಕು ಶಬ್ದಕ್ಕಿಂತ ವೇಗವುಳ್ಳದ್ದೆಂದು ನಾನು ಮೂವತ್ತುನಾಲ್ಕು ವರ್ಷ ಮಿಂಚು ಗುಡುಗುಗಳ ಉದಾಹರಣೆ ಕೊಟ್ಟು ಹುಡುಗರಿಗೆ ಹೇಳಿದ್ದೆನು. ಆ ಜಗಲಿಯಲ್ಲಿ ಗುಡುಗು ಮೊದಲು, ಮಿಂಚು ಹಿಂದೆ.

"ಇದೇ ನನ್ನ ಕರ್ಮ ಮಾರಾಯ" ಎಂದರು ಮಿತ್ರರು. "ನನ್ನ ಕೋಣ ಗೆದ್ದದ್ದು ಕಿವಿಗೆ ಗೊತ್ತಾಗಿ ಆದ ಮೇಲೆ ಕಣ್ಣಿಗೆ ಓಟ ಶುರುವಾಗುವುದು. ಅದಕ್ಕೇ ನಮ್ಮ ಜೊತೆ ಬರುವಾಗ ಕಿಟಕಿ ಹಾಕಿಸುತ್ತೇನೆ."

ಫೋನಿನಲ್ಲಿ ನೋಡಿದುದು ಪ್ರತ್ಯಕ್ಷವೋ ಅಲ್ಲವೋ ಎಂದು ನಾವಿಬ್ಬರೂ ಹಳೆಯ ಅಭ್ಯಾಸದಂತೆ ಜಗಳಕ್ಕೆ ಕುಳಿತೆವು. ಇಂದ್ರಿಯಕ್ಕೂ ವಸ್ತುವಿಗೂ ಸಂಬಂಧವಾದರೆ ಹುಟ್ಟುವ ಜ್ಞಾನ ಪ್ರತ್ಯಕ್ಷ. ಇಲ್ಲಿ ಕಣ್ಣಿಗೆ ಸಂಬಂಧ ಗಾಜಿನೊಡನೆ, ಕೋಣದೊಡನೆ ಅಲ್ಲ. ಹಾಗಾದರೆ ಕನ್ನಡಕ ಹಾಕಿಕೊಂಡು ನೋಡಿದುದೂ ಪ್ರತ್ಯಕ್ಷವಲ್ಲವೋ ಎಂದು ನಾನು. ಕನ್ನಡಕವು ಯಾವುದನ್ನು ತೋರಿಸಬೇಕೆಂದು ತಾನು ಆರಿಸುವುದಿಲ್ಲವೆಂದು ಅವರು. ಫೋನಿನ ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಅನುಮಾನಿಸಬಹುದೇ ಎಂದು ಅವರು ಕೇಳಿದುದಕ್ಕೆ, ಈಗಿನ ಕಾಲದಲ್ಲಿ ಪರ್ವತವನ್ನೇ ಅನುಮಾನಿಸಬೇಕೆಂದು ನಾನೆಂದೆನು. ನಗುವಾಗ ಸೊಂಟ ನೋಯುವುದೆಂದು ಅವರು ನಗುವನ್ನು ನಿಲ್ಲಿಸಿದರು. ಆಮೇಲೆ ನನ್ನನ್ನು ಕರೆಸಿದ ಕಾರಣವನ್ನು ಹೇಳಿದರು.

ಅವರ ಜೊತೆಯಲ್ಲಿ ಕಾಟಿ ಕಿರಿದು, ಬೊಳ್ಳ ಹಿರಿದು. ಬೊಳ್ಳನು ಮನೆಯಲ್ಲೇ ಹುಟ್ಟಿದ್ದು. ಹಿಂದಿನ ವರ್ಷದ ಕೊನೆಯ ಕಂಬಳದಿಂದ ಬಂದ ಮೇಲೆ ಅದು ಮೂರು ದಿನ ಹುರುಳಿಯನ್ನು ಸರಿಯಾಗಿ ತಿನ್ನಲಿಲ್ಲ. ಮಗನನ್ನು ಕೇಳಿದರೆ ಏನೂ ಇಲ್ಲ ಎನ್ನುತ್ತಾನೆ. ಅವನಿಗೆ ಬಹುಮಾನದ ಚಿನ್ನದ ಮೇಲಲ್ಲ, ಹೆಸರಿನ ಮೇಲೆ ಆಸೆ. ಓಡಿಸುವವನನ್ನು ಕೇಳಿದರೆ ಅವನಿಗೆ ಈ ಜೊತೆ ಕೈಬಿಟ್ಟರೆ ಬೇರೆ ಜೊತೆ ಹುಡುಕಬೇಕು. ಪಶುವೈದ್ಯರು ಬಂದು ನೋಡಿದರು. ನಿಂತ ಕೋಣದಲ್ಲಿ ದೋಷವಿಲ್ಲವೆಂದರು. "ಓಡಿದ ಕೋಣವನ್ನು ನೋಡಬೇಕು. ಇದರಲ್ಲಿ ಅದು ಕಾಣುವುದಿಲ್ಲ" ಎಂದು ಮಿತ್ರರು ಫೋನನ್ನು ತೋರಿಸಿದರು. "ಮಂಜೊಟ್ಟಿ ಮುಟ್ಟಿದ ಕೂಡಲೇ ಕ್ಯಾಮೆರಾ ಗಂತಿಗೆ ಹಿಂದೆ ಹೋಗುತ್ತದೆ, ಮುಂದಿನ ಜೊತೆಗೆ. ನೀನು ಗೆಲುವು ಸೋಲು ನೋಡಬೇಡ. ಮಂಜೊಟ್ಟಿಯ ಆಚೆ ಹೋಗಿ ನಿಲ್ಲು. ಬೊಳ್ಳನ ಉಸಿರು ಇಳಿಯಲಿಕ್ಕೆ ಎಷ್ಟು ಹೊತ್ತು ಬೇಕು, ಗಡಿಯಾರ ನೋಡಿ ನನಗೆ ಹೇಳು. ನಿನಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕೆ ನೀನೇ ಬೇಕು."

ಸಾಕ್ಷಿಯೆಂಬ ಶಬ್ದವನ್ನು ಪಾಣಿನಿಯು ಸಾಧಿಸುವಾಗ ತಾನೇ ನೇರಾಗಿ ಕಂಡವನೆಂಬ ಅರ್ಥವನ್ನೇ ಹೇಳುತ್ತಾನೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಸೂತ್ರಕ್ಕೆ ಅರವತ್ತು ದಾಟಿದ ಮೇಲೆ ಕೆಲಸ ಬಂದಿತು.

ಇಳಿಹೊತ್ತಿಗೆ ಆಟೋರಿಕ್ಷಾದಲ್ಲಿ ಕರೆಗೆ ಹೋದೆನು. ಮೊದಲು ಬಂದುದು ವಾಸನೆ: ಹಸಿ ಕೆಸರು, ಕೋಣಗಳ ಮೈಗೆ ತಿಕ್ಕಿದ ಎಣ್ಣೆ, ಗೋಳಿಬಜೆ ಕರಿಯುವ ಬಾಣಲೆ. ಆಮೇಲೆ ಮೆರವಣಿಗೆಯ ಕೊಂಬು, ಕಹಳೆ. ತುಳುವಿನಲ್ಲಿ ಸಾರುತ್ತಿದ್ದವನ ಮಾತು ನನಗೆ ಅರ್ಥವಾಗಲಿಲ್ಲ; ಮನೆತನಗಳ ಹೆಸರುಗಳು ಮಾತ್ರ ತಿಳಿದುವು. ಬದುವಿನ ಮೇಲೆ ಜನ ಒತ್ತೊತ್ತಾಗಿ ನಿಂತಿದ್ದರು. ನನ್ನ ಪಕ್ಕದ ಮುದುಕರೊಬ್ಬರು ಕೋಣಗಳು ಹೊರಡುವುದಕ್ಕೆ ಮುಂಚೆ ಅವುಗಳ ಕಿವಿಯನ್ನು ನೋಡಿಯೇ ಯಾವ ಜೊತೆ ಗೆಲ್ಲುವುದೆಂದು ಹೇಳುತ್ತಿದ್ದರು. ಐದರಲ್ಲಿ ನಾಲ್ಕು ಸಲ ಅದು ಹಾಗೆಯೇ ಆಯಿತು. ದೂರದರ್ಶನದಲ್ಲಿ ನಾನು ಕಂಡ ಆ ಮುತ್ತಿನ ಹನಿಗಳು ಇಲ್ಲಿ ಮುತ್ತಾಗಿರಲಿಲ್ಲ. ಒಂದು ಹಿಡಿ ಕೆಸರು ಕನ್ನಡಕದ ಮೇಲೂ ಅಂಗಿಯ ಮೇಲೂ ಬಂದು ಬಿದ್ದಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿಸಿದುದು ನೆಲ. ಎರಡು ಜೊತೆ ಕೋಣಗಳು ಎದುರಿಗೆ ಹಾಯ್ದಾಗ ಬದುವು ಅಂಗಾಲಿನ ಕೆಳಗೆ ನಡುಗುವುದು. ಯಾವ ಯಂತ್ರವೂ ಇದನ್ನು ಮಧುಗಿರಿಯವರೆಗೆ ತಂದು ಮುಟ್ಟಿಸಿರಲಿಲ್ಲ.

ಕನೆಹಲಗೆಯ ಓಟ ನಡೆಯುತ್ತಿತ್ತು. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ, ನೀರಿನ ಎತ್ತರಕ್ಕೆ ಬೆಲೆ. ತೂತುಗಳಿರುವ ಮರದ ಹಲಗೆಯ ಮೇಲೆ ಮನುಷ್ಯನು ಒಂದು ಕಾಲೂರಿ ನಿಲ್ಲುವನು, ಕೋಣಗಳು ಎಳೆಯುವುವು, ತೂತಿನಿಂದ ನೀರು ಕಾರಂಜಿಯಂತೆ ಏಳುವುದು. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟ ನಿಶಾನೆಯ ಬಟ್ಟೆಯನ್ನು ನೀರು ಮುಟ್ಟಬೇಕು. ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ಉಳಿದ ವಿಭಾಗಗಳಲ್ಲಿ ವೇಗವೇ ಮುಖ್ಯ. ಮಿತ್ರರ ಜೊತೆಯು ನೇಗಿಲು ವಿಭಾಗದ್ದು. ಅದರ ಸರದಿ ಬಂದುದು ರಾತ್ರಿ ಹತ್ತು ಗಂಟೆಯ ಮೇಲೆ.

ನಾನು ಹೇಳಿದ ಕಡೆ, ಮಂಜೊಟ್ಟಿಯ ಆಚೆ, ನಿಂತೆನು. ಅಲ್ಲಿಂದ ಓಟ ಚೆನ್ನಾಗಿ ಕಾಣುವುದಿಲ್ಲ. ಬೆಳಕಿನ ಕಂಬಗಳ ಕೆಳಗೆ ನೀರಿನ ಒಂದು ಬಿಳಿಯ ಗೋಡೆ ನಮ್ಮ ಕಡೆಗೆ ಬರುವುದು, ಆ ಗೋಡೆಯಿಂದ ನಾಲ್ಕು ಕೊಂಬುಗಳು ಹೊರಬೀಳುವುವು, ಅಷ್ಟೆ. ಹಿಡಿಯುವವರು ಹಗ್ಗಕ್ಕೆ ಬಿದ್ದು ನಿಲ್ಲಿಸಿದರು. ಜನ ಕೂಗಿದರು, ಗೆದ್ದಿತೆಂದು ಅದರಿಂದ ತಿಳಿಯಿತು. ನಾನು ಗಡಿಯಾರ ನೋಡಿದೆನು. ಕೋಣಗಳ ಮೈಯಿಂದ ಹಬೆ ಏಳುತ್ತಿತ್ತು. ಪಕ್ಕೆಗಳು ತಿದಿಯಂತೆ ಆಡುತ್ತಿದ್ದುವು. ಕಾಟಿಯ ಉಸಿರು ಐದು ನಿಮಿಷಕ್ಕೆ ಇಳಿದು, ಅದು ಕತ್ತು ತಿರುಗಿಸಿ ಜನರನ್ನು ನೋಡಲಾರಂಭಿಸಿತು. ಬೊಳ್ಳನು ಹನ್ನೊಂದು ನಿಮಿಷ ತೆಗೆದುಕೊಂಡನು. ಹೊಡೆದ ಗುರುತು ಎಲ್ಲಿಯೂ ಇರಲಿಲ್ಲ, ಕರಾರು ನಡೆದಿತ್ತು.

ಎರಡನೆಯ ಓಟ ಬೆಳಗಿನ ಜಾವ ಮೂರು ಗಂಟೆಗೆ. ಅದನ್ನೂ ಗೆದ್ದುವು, ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಿಂದ. ಮಗನು ಕೆಸರಿನಲ್ಲೇ ಕುಣಿದನು. ಈ ಸಲ ಬೊಳ್ಳನು ಮುಂಗಾಲುಗಳನ್ನು ಅಗಲಿಸಿ ತಲೆ ತಗ್ಗಿಸಿ ನಿಂತನು. ಬಕೆಟ್ಟಿನಿಂದ ಮೈಮೇಲೆ ನೀರು ಸುರಿದಾಗ ಕಾಟಿ ಮೈ ಕೊಡವಿತು, ಬೊಳ್ಳನು ಕೊಡವಲಿಲ್ಲ. ಇಪ್ಪತ್ತು ನಿಮಿಷವಾದರೂ ಉಸಿರು ಇಳಿಯಲಿಲ್ಲ. ಇಪ್ಪತ್ತಮೂರಕ್ಕೆ ಇಳಿಯಿತು. ಅಷ್ಟರಲ್ಲಿ ಬದುವಿನ ಮೇಲಿನ ಜನರ ಕಣ್ಣುಗಳೆಲ್ಲ ಮುಂದಿನ ಮೂರು ಓಟಗಳನ್ನು ನೋಡಿ ಮುಗಿಸಿದ್ದುವು. ಯಂತ್ರದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಹಾಜರಿದ್ದ ಸಾವಿರಾರು ಮಂದಿಯಲ್ಲಿ ಆ ಕೋಣವನ್ನು ನೋಡುತ್ತ ನಿಂತಿದ್ದವರು ನಾಲ್ಕೈದು ಮಂದಿಗಿಂತ ಹೆಚ್ಚಿರಲಿಲ್ಲ. ಅವರಲ್ಲಿ ನಾನೊಬ್ಬನು, ಕಳುಹಿಸಿದುದರಿಂದ.

ಅರೆಯಂತ್ಯದ ಓಟದಲ್ಲಿ ಸೋತು, ಕೋಣಗಳು ಮನೆಗೆ ಬರುವ ವೇಳೆಗೆ ಬಿಸಿಲೇರಿತ್ತು. ಮಿತ್ರರು ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಅಭಿನಂದಿಸಿ ಎಷ್ಟೋ ಮಂದಿ ಫೋನು ಮಾಡಿದ್ದರಂತೆ. ಮುಂಬಯಿಯಿಂದ ಒಬ್ಬರು, ದುಬೈಯಿಂದ ಒಬ್ಬರು, ಎಲ್ಲರೂ ಚಿತ್ರದಲ್ಲಿ ನೋಡಿದವರು. ನಾನು ನನ್ನ ಅಂಕಿಗಳನ್ನು ಓದಿ ಹೇಳಿದೆನು. ಅವರು ಕೇಳಿದುದು ಎರಡೇ ಪ್ರಶ್ನೆ: ನೀರು ತೋರಿಸಿದಾಗ ತಾನಾಗಿ ಕುಡಿಯಿತೇ, ಬಾಲವನ್ನು ಯಾವ ಮಗ್ಗುಲಿಗೆ ಹಾಕಿತ್ತು. ಕುಡಿಯಲಿಲ್ಲ, ಬಾಲ ಎರಡು ಕಾಲುಗಳ ನಡುವೆ ಇತ್ತು ಎಂದೆನು. ಬಾಗಿಲಿನಲ್ಲಿ ನಿಂತಿದ್ದ ಮಗನು ಒಳಗೆ ಬಂದು ತನ್ನ ಫೋನಿನಲ್ಲಿ ಆ ಎರಡನೆಯ ಓಟವನ್ನು ಹಾಕಿ ತೋರಿಸಿದನು. "ಅಪ್ಪ, ನೋಡಿ. ಎಲ್ಲಿ ಕುಂಟಿದ್ದು? ಎಲ್ಲಿ ಹಿಂದೆ ಬಿದ್ದದ್ದು?" ಎಂದನು. ನಾವೆಲ್ಲ ನೋಡಿದೆವು. ನಿಜಕ್ಕೂ ಅದರಲ್ಲಿ ಒಂದು ದೋಷವೂ ಇಲ್ಲ. ಕೋಣಗಳೆರಡೂ ಒಂದೇ ದೇಹದಂತೆ ಬರುವುವು, ಮಂಜೊಟ್ಟಿಯನ್ನು ಮುಟ್ಟುವುವು, ಸಂಖ್ಯೆ ಬೆಳಗುವುದು. ಮರುಕ್ಷಣವೇ ಗಂತಿನಲ್ಲಿ ಬೇರೆ ಜೊತೆ. ಮಗನು ಸುಳ್ಳು ಹೇಳಲಿಲ್ಲ, ಚಿತ್ರವೂ ಸುಳ್ಳು ಹೇಳಲಿಲ್ಲ.

"ಮಾವ ಒಂದು ರಾತ್ರಿ ನೋಡಿದ್ದು" ಎಂದು ಮಗನು ನನ್ನ ಕಡೆ ತಿರುಗದೆ ಹೇಳಿದನು. "ನಾನು ವರ್ಷವಿಡೀ ನೋಡುವವನು."

"ನೀನು ಓಟ ನೋಡಿದ್ದು ಮಗ" ಎಂದರು ಮಿತ್ರರು, ಮೆಲ್ಲಗೆ. ಆ ಮನೆಯಲ್ಲಿ ಅಂದು ಮಧ್ಯಾಹ್ನದ ಊಟದವರೆಗೆ ಬೇರೆ ಮಾತಾಗಲಿಲ್ಲ. ಹೆಂಗಸರು ಬಡಿಸಿದರು, ನಾವು ಉಂಡೆವು. ಹೊರಗಿನವನಾದ ನನ್ನ ಮಾತಿನ ಮೇಲೆ ಒಂದು ಮನೆಯ ಹೆಸರು ನಿಂತುಹೋಗುವುದಾದರೆ ಅದು ನನಗೆ ಹಿತವಾದ ವಿಷಯವಲ್ಲ. ಆದರೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಳ್ಳಿ ಹೇಳುವಂತೆಯೂ ಇರಲಿಲ್ಲ.

ಈ ಪ್ರಸಂಗವನ್ನು ನಮ್ಮ ಸೀಮೆಯವರು ಓದಬೇಕೆಂದು ನಾನು ಬಯಸುವುದಕ್ಕೆ ಒಂದು ಕಾರಣವುಂಟು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2016ರ ಕೊನೆಗೆ ಉಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಕಂಬಳವೂ ನಿಂತಿತು. 2017ರಲ್ಲಿ ನಮ್ಮ ಶಾಸನಸಭೆಯು ಕಾಯಿದೆಯನ್ನು ತಿದ್ದಿದಾಗ ಕಂಬಳದ ಜೊತೆಯಲ್ಲಿ ಎತ್ತಿನ ಗಾಡಿಯ ಓಟವನ್ನೂ ಸೇರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವಾಯಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದರೆ ಕರಾವಳಿಯ ಕೋಣಕ್ಕೂ ನಮ್ಮ ಹಳ್ಳಿಕಾರ್ ಎತ್ತಿಗೂ ಒಂದೇ ಕಾನೂನು. ಅದು ಓಟಕ್ಕೆ ಅನುಮತಿ ಕೊಟ್ಟಿರುವುದು ಪ್ರಾಣಿಗೆ ಅನಾವಶ್ಯಕವಾದ ನೋವಾಗಕೂಡದೆಂಬ ಷರತ್ತಿನ ಮೇಲೆ. ಆ ಷರತ್ತು ನಡೆಯಿತೋ ಇಲ್ಲವೋ ಎಂಬುದು ಓಟದ ಗೆರೆ ದಾಟಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ತಿಳಿಯುವಂಥದು. ಓಟವನ್ನು ವಿರೋಧಿಸುವವರಿಗೂ ಸಮರ್ಥಿಸುವವರಿಗೂ ಈಗ ಆಧಾರವಾಗಿರುವುದು ಹೆಚ್ಚಾಗಿ ಫೋನಿನ ಚಿತ್ರಗಳೇ. ಒಬ್ಬರು ಚಾಟಿಯ ಒಂದು ಕ್ಷಣವನ್ನು ಆರಿಸಿ ತೋರಿಸುತ್ತಾರೆ, ಇನ್ನೊಬ್ಬರು ಹೂಮಾಲೆಯ ಒಂದು ಕ್ಷಣವನ್ನು. ನಮ್ಮ ಕಡೆ ಸುಗ್ಗಿ ಮುಗಿದು ಕೆರೆಯಂಗಳದಲ್ಲಿ ಗಾಡಿ ಹೂಡಿದಾಗ ನಾನು ಈಗ ಏರಿಯ ಮೇಲೆ ನಿಲ್ಲುವುದಿಲ್ಲ. ಎತ್ತುಗಳನ್ನು ಬಿಚ್ಚುವ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ನೂಕುನುಗ್ಗಲಿಲ್ಲ. ನಮ್ಮ ಹುಡುಗನು ನನ್ನನ್ನು ಹಾಸ್ಯಮಾಡುತ್ತಾನೆ: ದೊಡ್ಡಪ್ಪನು ಪಂದ್ಯಕ್ಕೆ ಹೋಗಿ ಪಂದ್ಯ ಬಿಟ್ಟು ಮಿಕ್ಕುದೆಲ್ಲವನ್ನೂ ನೋಡುತ್ತಾನಂತೆ.

ಮಿತ್ರರು ಬೊಳ್ಳನನ್ನು ಮತ್ತೆ ಕರೆಗೆ ಇಳಿಸಲಿಲ್ಲ, ಮಾರಲೂ ಇಲ್ಲ. ಆ ವರ್ಷದ ಉಳಿದ ಕಂಬಳಗಳಿಗೆ ಕಾಟಿಯನ್ನು ನೆರೆಯ ಮನೆಯೊಂದರ ಕೋಣದೊಡನೆ ಹೂಡಿದರು. ಹೊಂದಿಕೆ ಸಾಲದೆ ಎಲ್ಲಿಯೂ ಗೆಲ್ಲಲಿಲ್ಲವೆಂದು ಮಗನೇ ಫೋನು ಮಾಡಿ ತಿಳಿಸಿದನು. ಅವನು ನನ್ನನ್ನು ಮೊದಲಿನಂತೆಯೇ ಮಾವನೆಂದು ಕರೆಯುತ್ತಾನೆ, ಮೊದಲಿಗಿಂತ ಒಂದೆರಡು ಮಾತು ಕಡಮೆ ಆಡುತ್ತಾನೆ. ಬೊಳ್ಳನಿಗೆ ಈಗ ಹುರುಳಿಯನ್ನು ಅರ್ಧಕ್ಕೆ ಇಳಿಸಿದ್ದಾರಂತೆ. ಓಡದ ಕೋಣಕ್ಕೆ ಅಷ್ಟು ಹುರುಳಿ ಕೊಟ್ಟರೆ ಉಷ್ಣವಾಗುವುದಂತೆ. ಬದಲಿಗೆ ಹಸಿಹುಲ್ಲು ಹೆಚ್ಚಿಸಿದ್ದಾರೆ, ಸಂಜೆಯ ಹೊತ್ತು ಜಗಲಿಯಿಂದ ಕಾಣುವಂತೆ ಅಂಗಳದ ಹಲಸಿನ ಮರಕ್ಕೆ ಕಟ್ಟುತ್ತಾರೆ.